ಲಾಂಡ್ರಿ ಮನೆಗೆ ಬಂದ ದೊರೆಸಾನಿ

ಸೋಪಿನಕ್ಕನಿಗೆ ಯಾರ ಮೇಲಾದರೂ ಪ್ರೀತಿ ಉಕ್ಕಿತೆಂದರೆ ಕೈ ಮೊದಲು ಹೋಗುವುದು ಸೋಪಿನ ಡಬ್ಬಿಗೆ. ಲಾಂಡ್ರಿಗೆ ಬಂದ ಗಿರಾಕಿ ಎರಡು ಮಾತು ಹೆಚ್ಚಿಗೆ ಆಡಿದರೆ ಮೈಮೇಲಿನ ಅಂಗಿಯನ್ನೂ ಬಿಚ್ಚಿಸಿಕೊಂಡು ತೊಟ್ಟಿಗೆ ಹಾಕುತ್ತಾಳೆ ಎಂದು ಅವಳ ಗಂಡನೇ ಇಸ್ತ್ರಿ ಮೇಜಿನ ಹಿಂದೆ ನಿಂತು ನಗುತ್ತಿದ್ದ. ನಗುವಾಗಲೂ ತನ್ನ ಅಂಗಿಯ ಗುಂಡಿಯ ಮೇಲೆ ಒಂದು ಕೈ ಇಟ್ಟುಕೊಂಡಿರುತ್ತಿದ್ದ ಎನ್ನಿ.

ಅಂಥವಳ ಮನೆಗೆ ಅಣ್ಣ ಬಂದ, ಕುದುರೆ ಸಮೇತ.

ಅಣ್ಣ ಗಾಡಿ ಹೊಡೆದುಕೊಂಡು, ಲಾಯದ ಮೇಲಿನ ಕೋಣೆಯಲ್ಲೇ ಆಯುಷ್ಯ ಕಳೆದವನು. ಮದುವೆ ಗಿದುವೆ ಏನೂ ಇಲ್ಲ. ತಂಗಿ ಜಪ್ಪಯ್ಯ ಅಂದರೂ ಅವಳ ಮನೆಗೆ ಬಂದಿರಲು ಒಪ್ಪಿರಲಿಲ್ಲ. ಈಗ ಲಾಯವನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದ್ದರಿಂದ ಬೇರೆ ದಾರಿ ಇರಲಿಲ್ಲ. ಜೊತೆಯ ಕುದುರೆಗಳೆಲ್ಲ ಊರಾಚೆಯ ಸವಾರಿ ಶಾಲೆಗೆ ಹೋದವು. ಅವನ ಮುದಿ ಹೆಣ್ಣುಗುದುರೆ ದೊರೆಸಾನಿ ಮಾತ್ರ ಲಾಂಡ್ರಿಯ ಹಿತ್ತಲಿನ ಶೆಡ್ಡಿಗೆ ಬಂದಳು. ಸೋಪಿನಕ್ಕನಿಗೆ ಸಂತೋಷದಿಂದ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಜಾಗ ಬದಲಾದರೆ ಕುದುರೆ ಕಂಗಾಲಾಗುತ್ತದೆ, ಅದರ ಹಳೆಯ ಸಾಮಾನೆಲ್ಲ ಜೊತೆಗೇ ಇರಲಿ ಎಂದು ಪಶುವೈದ್ಯೆ ಮೊದಲೇ ಹೇಳಿದ್ದಳು. ಸೋಪಿನಕ್ಕ ಅದನ್ನು ಚಾಚೂ ತಪ್ಪದೆ ಪಾಲಿಸಿದಳು. ಕಂಬಳಿ, ಬಕೆಟ್ಟು, ಹಗ್ಗ, ಮೈ ಉಜ್ಜುವ ಬ್ರಷ್ಷು, ಒಂದನ್ನೂ ಬಿಡದೆ ತರಿಸಿ ಶೆಡ್ಡಿನಲ್ಲಿ ಜೋಡಿಸಿದಳು. ಆದರೂ ದೊರೆಸಾನಿ ಮನೆಯವರಿಗೆಲ್ಲ ಬೆನ್ನು ತೋರಿಸಿ, ಗೋಡೆಗೆ ಮುಖ ಮಾಡಿ ನಿಂತುಬಿಟ್ಟಳು. ಮೊದಮೊದಲು ಮೂಸಿ ಮೂಸಿ ಗುಟುಕು ನೀರು ಕುಡಿಯುತ್ತಿದ್ದವಳು ನಿನ್ನೆಯಿಂದ ಅದನ್ನೂ ಬಿಟ್ಟಳು.

ಅಣ್ಣ ತಲೆಯ ಮೇಲೆ ಕೈಹೊತ್ತು ಕುಳಿತ. ಅಕ್ಕ ವೈದ್ಯೆಯನ್ನು ಕರೆಸಿದಳು.

ವೈದ್ಯೆ ಕುದುರೆಯ ಹೊಟ್ಟೆಗೆ ಕಿವಿಗೊಟ್ಟು ಕೇಳಿದಳು, ಒಸಡು ಒತ್ತಿ ನೋಡಿದಳು. "ಸಂಜೆಯೊಳಗೆ ನೀರು ಕುಡೀಲೇಬೇಕು. ಇಲ್ಲಾಂದ್ರೆ ಹೊಟ್ಟೆ ಕಟ್ಟಿಕೊಳ್ಳುತ್ತೆ. ಸದ್ಯಕ್ಕೆ ಮೂಗಿನಿಂದ ನಳಿಗೆ ಹಾಕಿ ಕುಡಿಸ್ಬಹುದು, ಆದ್ರೆ ಆಮೇಲೆ ಅದರ ಜೊತೆಗಾರ ಕುದುರೆಗಳ ಹತ್ರಾನೇ ಕಳಿಸ್ಬೇಕಾಗುತ್ತೆ."

"ಅವಳು ಹೋದ್ರೆ ನಾನೂ ಅಲ್ಲಿಗೇ," ಎಂದ ಅಣ್ಣ. "ಹುಲ್ಲು ಹಾಕೋಕೆ ಅವ್ರಿಗೂ ಒಬ್ಬ ಬೇಕಂತೆ."

ಸೋಪಿನಕ್ಕ ಬಕೆಟ್ಟನ್ನು ಕುದುರೆಯ ಮೂತಿಯ ಹತ್ತಿರಕ್ಕೆ ತಳ್ಳಿದಳು. ಇಷ್ಟು ವರ್ಷ ಕಾದ ಮೇಲೆ ಮನೆಗೆ ಬಂದ ಅಣ್ಣ ಒಂದು ಬಕೆಟ್ ನೀರಿನ ನೆಪದಲ್ಲಿ ಕೈತಪ್ಪಿ ಹೋಗುವುದೇ!

ವೈದ್ಯೆ ಕಂಬಳಿ ಎತ್ತಿ ಮೂಗಿಗೆ ಹಿಡಿದಳು. "ಅಮ್ಮಾ, ಇದು ಹಳೇ ಕಂಬಳಿನಾ?"

"ಹಳೇದೇ ಡಾಕ್ಟ್ರೇ. ಕುದಿಸಿ ಕುದಿಸಿ ಒಗೆದಿದೀನಿ. ಎಷ್ಟು ಕೊಳೆ ಅಂತೀರಿ!"

"ಬಕೆಟ್ಟು?"

"ದಿನಾ ಉಜ್ತೀನಿ."

"ಹಗ್ಗ?"

"ಹಗ್ಗಾನೂ."

"ಹುಲ್ಲು ಒಂದು ಬಾಕಿ ಇದೆ ಡಾಕ್ಟ್ರೇ," ಎಂದು ಗಂಡ ಬಾಗಿಲಿನಿಂದ ಕೂಗಿದ. "ನಾಳೆ ನೆನೆಹಾಕ್ತಾಳೆ."

ವೈದ್ಯೆ ಅಣ್ಣನ ಕಡೆ ಸ್ವಲ್ಪ ಬಾಗಿ ಮೂಸಿದಳು. "ಇವರನ್ನೂ?"

ಅಕ್ಕ ನಾಲಿಗೆ ಕಚ್ಚಿಕೊಂಡಳು. ಬಂದ ದಿನವೇ ಅಣ್ಣನನ್ನು ಬಿಸಿನೀರಿನಲ್ಲಿ ಕೂರಿಸಿ ಬೆನ್ನು ತಿಕ್ಕಿದ್ದಳು. ಅವನ ಹಳೆಯ ಬಟ್ಟೆಗಳೆಲ್ಲ ಗುರುತು ಸಿಗದಷ್ಟು ಬೆಳ್ಳಗಾಗಿದ್ದವು.

"ಕುದುರೆ ಮೂಗಿನಿಂದಾನೇ ಮನೆ ಗುರುತು ಹಿಡಿಯೋದು," ಎಂದಳು ವೈದ್ಯೆ. "ಒಗೀದೇ ಇರೋದು ಏನಾದ್ರೂ ಉಳಿದಿದ್ಯಾ?"

"ನಮ್ಮನೇಲಾ?" ಎಂದಳು ಅಕ್ಕ. ಅಷ್ಟು ಹೊತ್ತಿನಲ್ಲೂ ದನಿಯಲ್ಲಿ ತುಸು ಹೆಮ್ಮೆ ಇತ್ತು.

ಅಣ್ಣ ಒಳಗೆ ಹೋಗಿ, ಹಾಸಿಗೆಯಡಿಯಿಂದ ಏನನ್ನೋ ತೆಗೆದು, ಕದ್ದು ಸಿಕ್ಕಿಬಿದ್ದವನ ಮುಖ ಮಾಡಿಕೊಂಡು ಬಂದ. ಅದು ಲಾಯದಲ್ಲಿ ಹಾಕಿಕೊಳ್ಳುತ್ತಿದ್ದ ಉಣ್ಣೆಯ ಟೋಪಿ. ಹುಟ್ಟಿದಾಗ ಅದರ ಬಣ್ಣ ಏನಿತ್ತೋ ಯಾರೂ ಹೇಳುವಂತಿರಲಿಲ್ಲ.

"ಅಯ್ಯಯ್ಯೋ! ಇದು ನಾನು ಹಾಸಿದ ಹಾಸಿಗೇಲಿತ್ತಾ?"

"ಬೈಬೇಡ ಕಣೇ."

ಅವನು ಟೋಪಿ ಹಾಕಿಕೊಂಡು ಶೆಡ್ಡಿಗೆ ನುಗ್ಗಿದ. ದೊರೆಸಾನಿಯ ಕಿವಿ ನಿಮಿರಿತು. ತಿರುಗಿ ಬಂದು ಟೋಪಿಗೆ ಮೂತಿ ಒತ್ತಿ, ದೊಡ್ಡದೊಂದು ಉಸಿರು ಬಿಟ್ಟಳು. ಅಣ್ಣ ಟೋಪಿ ತೆಗೆದು ಬಕೆಟ್ಟಿನ ಅಂಚಿಗೆಲ್ಲ ಉಜ್ಜಿದ. ಸೋಪಿನಕ್ಕ ಕಣ್ಣು ಮುಚ್ಚಿಕೊಂಡಳು. ಅದನ್ನು ನೋಡುವ ಶಕ್ತಿ ಅವಳಿಗಿರಲಿಲ್ಲ. ಗೊಟಗೊಟ ಸದ್ದು ಕೇಳಿದಾಗ ಕಣ್ಣು ಬಿಟ್ಟಳು. ದೊರೆಸಾನಿ ಬಕೆಟ್ಟಿನೊಳಗೆ ಮೂತಿಯಿಟ್ಟು ನೀರು ಹೀರುತ್ತಿದ್ದಳು.

ವೈದ್ಯೆ ಹೋದ ಮೇಲೆ ಸೋಪಿನಕ್ಕ ಕೇಳಿದಳು: "ಇವಳಿಗೆ ಬೇಕಾಗುತ್ತೆ ಅಂತ ಬಚ್ಚಿಟ್ಟಿದ್ಯಾ ಅಣ್ಣ?"

"ಇಲ್ಲ, ನನಗೇ." ಅಣ್ಣ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ತಲೆ ಹತ್ರ ಇಟ್ಕೊಂಡ್ರೆ ಒಂದಿಷ್ಟು ನಿದ್ದೆ ಬರುತ್ತೆ. ನೀನು ದಿನಾ ಹೊದಿಕೆ ಬದಲಾಯಿಸ್ತೀಯ. ಬೆಳ್ಳಗೆ, ಗರಿಗರಿಯಾಗಿ ಚೆನ್ನಾಗೇ ಇರುತ್ತೆ ಕಣೇ. ಆದ್ರೆ ಮಲಗಿದ್ರೆ ಯಾವುದೋ ಲಾಡ್ಜಲ್ಲಿ ಇದ್ದ ಹಾಗೆ. ಬೆಳಗ್ಗೆ ಎದ್ದು ಖಾಲಿ ಮಾಡ್ಬೇಕೇನೋ ಅನ್ಸುತ್ತೆ."

ಜಾಗ ಬದಲಾದದ್ದು ಕುದುರೆಗೊಂದೇ ಎಂದುಕೊಂಡಿದ್ದಳಲ್ಲ ಸೋಪಿನಕ್ಕ, ಎಂಥ ದಡ್ಡಿ ತಾನು! ಅಣ್ಣ ಬಂದ ಸಂತೋಷದಲ್ಲಿ ಅಣ್ಣನನ್ನೇ ದಿನಾ ಒಂದಿಷ್ಟು ತೊಳೆದು ಚರಂಡಿಗೆ ಬಿಡುತ್ತಿದ್ದಳು. ಅವಳು ಒಳಗೆ ಹೋಗಿ, ಒಗೆಯಲೆಂದು ತೆಗೆದಿಟ್ಟಿದ್ದ ಅವನ ಹೊದಿಕೆಯನ್ನು ಬುಟ್ಟಿಯಿಂದೆತ್ತಿ ಹಾಸಿಗೆಯ ಮೇಲೆ ಹಾಗೇ ಮುದ್ದೆಯಾಗಿ ಎಸೆದಳು.

"ಇಸ್ತ್ರಿ ಮಾಡ್ಲಾ?" ಎಂದ ಗಂಡ.

"ಬಾಯ್ಮುಚ್ಕೊಂಡು ಕೆಲಸ ನೋಡಿ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುಕ್ಕು ಬಿಡಿಸಲು ಕೈ ಕಡಿಯುತ್ತಿತ್ತು. ಕೈ ಕಟ್ಟಿಕೊಂಡು ಆಚೆ ಬಂದಳು.

ಆಮೇಲೊಂದು ಬೆಳಗ್ಗೆ ಹಳೆಯ ಗಿರಾಕಿ ಟೀಚರಮ್ಮ ಬಟ್ಟೆಗಂಟು ಇಟ್ಟವರೇ ಮೂಗು ಮುಚ್ಚಿಕೊಂಡರು. "ಏನಮ್ಮಾ ಇದು? ನಿಮ್ಮ ಲಾಂಡ್ರೀಲೂ ವಾಸನೆನಾ?"

ಸೋಪಿನಕ್ಕ ಗಂಟು ಬಿಚ್ಚುತ್ತಲೇ ಒಂದು ಸಲ ಚೆನ್ನಾಗಿ ಉಸಿರೆಳೆದುಕೊಂಡಳು.

"ಹೂಂ, ಟೀಚರಮ್ಮ. ನಮ್ಮಣ್ಣ ಇಲ್ಲೇ ಇರೋಕೆ ಬಂದಿದಾನೆ."