ವಜ್ರಕ್ಕೆ ಕಬ್ಬಿಣ ಆಗಿಬರುವುದಿಲ್ಲ

ವಜ್ರದ ಚಕ್ರಕ್ಕೆ ಕಬ್ಬಿಣ ಮುಟ್ಟಿಸಬಾರದು. ಆರು ವರ್ಷದಿಂದ ಬಾಯಿ ನೋಯುವಷ್ಟು ಹೇಳಿದ್ದೇನೆ, ಕೇಳುವವರು ಯಾರು? ತಿಪಟೂರಿನ ಈ ಶೆಡ್ಡಿನಲ್ಲಿ ಗ್ರೈಂಡಿಂಗ್ ಮೆಷಿನ್ ಮುಂದೆ ನಿಲ್ಲುವವಳು ನಾನು, ಶಿಲ್ಪ. ಗ್ರಾನೈಟ್ ಕೊರೆಯುವ ಕಾರ್ಬೈಡ್ ಮೊನೆಗಳಿಗೆ ಸಾಣೆ ಹಿಡಿಯುವುದು ನನ್ನ ಕೆಲಸ. ಕಾರ್ಬೈಡ್ ಮಹಾ ಗಟ್ಟಿ, ವಜ್ರದ ಪುಡಿ ಕೂರಿಸಿದ ಚಕ್ರಕ್ಕೆ ಮಾತ್ರ ಬಗ್ಗುತ್ತದೆ. ಕಬ್ಬಿಣ ಮೆತ್ತಗಿನದು ನಿಜ, ಆದರೆ ಕಾದ ಕಬ್ಬಿಣ ವಜ್ರವನ್ನೇ ತಿಂದುಬಿಡುತ್ತದೆ.

ಆಯುಧಪೂಜೆ ಹಬ್ಬ ಮುಗಿದ ಮರುದಿನ ಬೆಂಗಳೂರಿನ ಕಂಪನಿಯವರು ನಮ್ಮ ಕೆಲಸ ಪರೀಕ್ಷಿಸಲು ಬರುವವರಿದ್ದರು. ಪಾಸಾದರೆ ಇಡೀ ವರ್ಷದ ಆರ್ಡರ್, ಎರಡನೇ ಮೆಷಿನ್, ಎರಡಕ್ಕೂ ನಾನೇ ಸೂಪರ್‌ವೈಸರ್. ಮಾಲೀಕ ದಯಾನಂದ್ ಮಾತು ಕೊಟ್ಟಿದ್ದ. ಮನೆಯಲ್ಲೆಲ್ಲ ಹೇಳಿಕೊಂಡೂ ಬಿಟ್ಟಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಆಯುಧಪೂಜೆಯ ಹಿಂದಿನ ದಿನ ದಯಾನಂದನ ಅಪ್ಪ ಶಂಭುಲಿಂಗಯ್ಯ ಗೋಣಿಚೀಲದೊಂದಿಗೆ ಬಂದರು. ಬಿಳಿಗೆರೆಯಲ್ಲಿ ಅವರದು ಹಳೇ ಕೊಬ್ಬರಿ ವ್ಯಾಪಾರದ ಮನೆ. ಹಬ್ಬಕ್ಕೆ ಮುಂಚೆ ಕೇರಿಯವರ ಕರಟ ಬಿಡಿಸುವ ಮಚ್ಚುಗಳನ್ನೆಲ್ಲ ಆ ಮನೆಯವರೇ ಮಸೆಸಿ ಕೊಡುವುದು ವಾಡಿಕೆ. ಚೀಲದಲ್ಲಿದ್ದ ಮೂವತ್ತು ಮಚ್ಚುಗಳನ್ನೂ ಈ ಸಲ ವಜ್ರದ ಚಕ್ರದಲ್ಲೇ ಮಸೆಯಬೇಕೆಂದರು.

"ಹೊರಗಿರೋ ಕಲ್ಲಿನ ಚಕ್ರದಲ್ಲಿ ನಾನೇ ಮಸೆದ್ಕೊಡ್ತೀನಿ ಯಜಮಾನ್ರೇ," ಎಂದೆ. "ಇದೊಂದು ಬ್ಯಾಡ. ವಜ್ರಕ್ಕೆ ಕಬ್ಬಿಣ ಆಗಿಬರಲ್ಲ."

"ವಜ್ರ ಕಣವ್ವಾ! ಮಚ್ಚು ಮಸೆದ್ರೆ ಸವೆದೋಯ್ತದಾ? ದೇವ್ರ ಕೆಲ್ಸಕ್ಕೆ ಇದ್ದಿದ್ರಲ್ಲಿ ದೊಡ್ಡದನ್ನೇ ಇಕ್ಕಬೇಕು."

ದಯಾನಂದನ ಮುಖ ನೋಡಿದೆ. ಅವನಿಗೆ ಎಲ್ಲ ಗೊತ್ತಿತ್ತು. "ಮೂವತ್ತು ತಾನೇ, ಹೋಗ್ಲಿ ಬುಡು ಶಿಲ್ಪ, ಅಪ್ಪಂಗೆ ಎದುರಾಡ್ಬ್ಯಾಡ," ಎಂದು ನನ್ನ ಕೈಯಿಂದ ಮೆಷಿನ್ ಕೀ ಇಸಿದುಕೊಂಡು ಅಪ್ಪನಿಗೆ ಕೊಟ್ಟ. ನಾನು ಮನೆಗೆ ಹೋದೆ.

ಹಬ್ಬ ಕಳೆದು ಬಂದು ಚಕ್ರದ ಮೇಲಿನ ವಿಭೂತಿ ಒರೆಸಿದೆ. ಉಗುರಿಗೆ ತರಿತರಿಯಾಗಿ ಸಿಗಬೇಕಾದದ್ದು ತೊಳೆದ ತಟ್ಟೆಯ ಹಾಗೆ ಜಾರಿತು. ವಜ್ರದ ಪುಡಿಯೆಲ್ಲ ಸವೆದುಹೋಗಿತ್ತು. ಹೊಸ ಚಕ್ರ ಬರಲು ವಾರ ಬೇಕು, ಕಂಪನಿಯವರ ಕಾರು ಆಗಲೇ ಗೇಟಿನಲ್ಲಿತ್ತು.

"ಸುಮ್ನೆ ಓಡ್ಸು," ಎಂದ ದಯಾನಂದ. ಓಡಿಸಿದೆ. ಅದು ನನ್ನ ತಪ್ಪು, ಒಪ್ಪುತ್ತೇನೆ.

ಆರು ಮೊನೆಗಳಲ್ಲಿ ನಾಲ್ಕು ಕಾದು ಬಿರುಕು ಬಿಟ್ಟವು. ಪರೀಕ್ಷಿಸಲು ಬಂದಿದ್ದ ಸಿದ್ದಾರ್ಥ್ ಎಂಬಾತ ಮೆಷಿನ್ ನಿಲ್ಲಿಸಿ, ಚಕ್ರವನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು.

"ಇದಕ್ಕೆ ಕಬ್ಬಿಣ ಕೊಟ್ಟೋರು ಯಾರು?"

"ಇವ್ಳೇ ಸಾರ್," ಎಂದ ದಯಾನಂದ, ಕಣ್ಣೂ ಮಿಟುಕಿಸದೆ. "ಎಷ್ಟು ಹೇಳಿದ್ರೂ ಕೇಳಲ್ಲ."

ಮೈಯೆಲ್ಲ ಉರಿದುಹೋಯಿತು. "ಬಾಯಿಗೆ ಹುಳ ಬೀಳ್ತದೆ ಕಣೋ ದಯಾನಂದ!" ಎಂದು ಕೂಗಿದೆ. ಮಚ್ಚು, ಚೀಲ, ಕೀ, ಒಂದನ್ನೂ ಬಿಡದೆ ಹೇಳಿದೆ. ಬಾಗಿಲ ಬಳಿ ಕುಳಿತಿದ್ದ ಶಂಭುಲಿಂಗಯ್ಯ ನೆಲ ನೋಡುತ್ತಿದ್ದರು.

ಸಿದ್ದಾರ್ಥ್ ಎಲ್ಲ ಕೇಳಿಸಿಕೊಂಡರು. "ನೀವು ಹೇಳ್ತಿರೋದು ನಿಜ ಅಂತ ಗೊತ್ತಾಗುತ್ತಮ್ಮ. ಆದ್ರೆ ರಿಪೋರ್ಟಲ್ಲಿ ಕಾರಣ ಅಂತ ಒಂದು ಜಾಗ ಇದೆ. ಅಲ್ಲಿ ಮಾಲೀಕರ ಅಪ್ಪ ಅಂತ ಬರೆದ್ರೆ ಈ ಶೆಡ್ಡಿಗೆ ಆರ್ಡರ್ ಸಿಗಲ್ಲ. ಆಪರೇಟರ್ ಅಂತ ಬರೆದ್ರೆ, ಆಪರೇಟರ್‌ನ ಬದಲಾಯಿಸಿದ್ರೆ ಮುಗೀತು. ನಮಗೂ ಇಷ್ಟು ಕಮ್ಮಿ ರೇಟಿಗೆ ಬೇರೆ ಯಾರೂ ಮಾಡ್ಕೊಡಲ್ಲ."

ಸಹಿ ಹಾಕಿ ಎಂದು ಫಾರಂ ನನ್ನ ಮುಂದಿಟ್ಟರು. ಕಾರಣದ ಜಾಗದಲ್ಲಿ ದಪ್ಪಕ್ಷರದಲ್ಲಿ ಬರೆದೆ: ಮಾಲೀಕರ ಅಪ್ಪ ಮೂವತ್ತು ಮಚ್ಚು ಮಸೆದರು, ಮಾಲೀಕ ಕೀ ಕೊಟ್ಟ, ಗೊತ್ತಿದ್ದೂ ನಾನು ಮೆಷಿನ್ ಓಡಿಸಿದೆ. ಕೆಳಗೆ ಸಹಿ ಹಾಕಿದೆ.

ಸಿದ್ದಾರ್ಥ್ ಅದನ್ನು ಪೂರ್ತಿ ಓದಿದರು. ಓದಿ, ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡರು. ಆಮೇಲೆ ಬ್ಯಾಗಿನಿಂದ ಇನ್ನೊಂದು ಖಾಲಿ ಫಾರಂ ತೆಗೆದು ದಯಾನಂದನ ಮುಂದಿಟ್ಟರು.