ಚೀಲದೊಳಗಿನ ಶೇಂಗಾ

ಗೋವರ್ಧನನಿಗೆ ಜೀಪಿಗಿಂತ ಜೀಪಿನ ಹಿಂದೆ ಇಟ್ಟಿದ್ದ ಹಸಿರು ಚೀಲದ ಮೇಲೆ ಹೆಚ್ಚು ಪ್ರೀತಿ. ಪರಶುರಾಂಪುರದ ಆಚೆ ಹೊಲದಲ್ಲೇ ಮನೆ ಕಟ್ಟಿಕೊಂಡವನು. ಹಿಂದಿನ ವರ್ಷ ಒಂದು ಹಗಲಿಡೀ ಹಳ್ಳದ ಮರಳಿನಲ್ಲಿ ಸಿಕ್ಕಿಕೊಂಡು ಅವಮಾನವಾದ ಮೇಲೆ, ಚಳ್ಳಕೆರೆಯ ಮೆಕ್ಯಾನಿಕ್ ಮಹಮ್ಮದ್ ಹುಸೇನ್ ಹೇಳಿದ್ದನ್ನೆಲ್ಲ ತಂದು ಆ ಚೀಲಕ್ಕೆ ತುಂಬಿದ್ದ: ಗಾಡಿ ಎಳೆಯುವ ಅಗಲ ಬೆಲ್ಟು, ಅದನ್ನು ಸಿಕ್ಕಿಸುವ ಕಬ್ಬಿಣದ ಕೊಂಡಿಗಳು, ಗಿಡ್ಡ ಸಲಿಕೆ, ಟೈರಿಗೆ ಗಾಳಿ ಹೊಡೆಯುವ ಪಂಪು. ತಂದ ದಿನ ಎಲ್ಲವನ್ನೂ ಅಂಗಳದಲ್ಲಿ ಹರವಿ ಮನೆಯವರಿಗೆ ಪಾಠ ಮಾಡಿದ್ದೂ ಮಾಡಿದ್ದೇ. ಹೆಂಡತಿ ಪ್ರೇಮಲತಾ ಅರ್ಧಕ್ಕೇ ಎದ್ದು ಒಲೆಯ ಕಡೆ ಹೋದಳು. ತಾಯಿ ಚಿನ್ನಕ್ಕ ಮಾತ್ರ ಕೊನೆಯವರೆಗೂ ಕೂತಿದ್ದಳು.

"ಎಳೆಯೋವಾಗ ಬೆಲ್ಟ್ ಮ್ಯಾಲೆ ದಪ್ಪ ಬಟ್ಟೆ ಯಾಕಪ್ಪ ಹಾಕ್ಬೇಕು?" ಎಂದು ಕೇಳಿದ್ದಳು.

"ಹರಿದ್ರೆ ಹಾರಿ ಬಂದು ಮುಖಕ್ಕೆ ಬಡೀತೈತವ್ವ. ಬಟ್ಟೆ ಇದ್ರೆ ಆ ಭಾರಕ್ಕೆ ಅಲ್ಲೇ ಬೀಳ್ತೈತೆ," ಎಂದಿದ್ದ.

ಈ ವರ್ಷದ ಆಯುಧ ಪೂಜೆಯ ದಿನ ಹೋಳಿಗೆ ಊಟ ಮುಗಿದು ಇನ್ನೂ ಕೈ ತೊಳೆದಿರಲಿಲ್ಲ. ಚಿನ್ನಕ್ಕ ಎದೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಮೈಯೆಲ್ಲ ತಣ್ಣನೆಯ ಬೆವರು, ತುಟಿಯಲ್ಲಿ ಬಣ್ಣವೇ ಇಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದರೆ ಚಳ್ಳಕೆರೆಯಿಂದ ಬರಲು ಮುಕ್ಕಾಲು ಗಂಟೆ. ಗೋವರ್ಧನ ಅವ್ವನನ್ನು ಎತ್ತಿ ಜೀಪಿನ ಹಿಂದೆ ಮಲಗಿಸಿ, ಚಳಿ ಎಂದಿದ್ದಕ್ಕೆ ಅವಳದೇ ಕರಿ ಕಂಬಳಿ ಹೊದಿಸಿದ. ಪ್ರೇಮಲತಾ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಚಳ್ಳಕೆರೆ ಆಸ್ಪತ್ರೆಗೆ ಎರಡು ದಾರಿ. ಸೇತುವೆ ಮೇಲಿನದು ಸುತ್ತು, ಹಳ್ಳ ಇಳಿದು ಹೋಗುವುದು ಹತ್ತಿರ. ಹಿಂದಿನ ದಿನದ ಮಳೆಗೆ ಹಳ್ಳದ ಮರಳು ನೆನೆದಿತ್ತು. ಗೋವರ್ಧನ ಹಸಿರು ಚೀಲವನ್ನು ಒಮ್ಮೆ ಎತ್ತಿ ನೋಡಿದ. ಭಾರವಾಗಿತ್ತು. ಇನ್ನೇನು ಭಯ ಎಂದುಕೊಂಡು ಹಳ್ಳದ ದಾರಿಯನ್ನೇ ಹಿಡಿದ. ಜಿಪ್ಪು ಎಳೆದು ಒಳಗೆ ನೋಡುವಷ್ಟು ವ್ಯವಧಾನ ಆ ಮಹಾರಾಯನಿಗೆ ಇರಲಿಲ್ಲ.

ಹಳ್ಳದ ನಟ್ಟನಡುವೆ ನಾಲ್ಕೂ ಚಕ್ರ ಹೂತುಹೋದವು. ಗಾಡಿಯ ಹೊಟ್ಟೆ ಮರಳಿಗೆ ತಾಗಿತು. ಗೋವರ್ಧನ ಇಳಿದು, ಚೀಲ ಎಳೆದುಕೊಂಡು, ಜಿಪ್ಪು ಬಿಚ್ಚಿದ.

ಒಳಗೆ ಶೇಂಗಾ ಇತ್ತು. ಬಾಯಿತನಕ ತುಂಬಿದ್ದ ಹಸೀ ಶೇಂಗಾ, ಮೇಲೆ ಒಂದು ಚೆಂಡುಹೂವು. ಮೊಣಕೈವರೆಗೆ ಕೈ ತೂರಿಸಿ ತಡಕಾಡಿದ. ತಳದಲ್ಲೂ ಶೇಂಗಾವೇ.

"ಅವ್ವಾ, ಬೆಲ್ಟ್ ಎಲ್ಲಿ?"

"ದೇವ್ರ ಮುಂದೆ ಐತಪ್ಪ," ಎಂದಳು ಚಿನ್ನಕ್ಕ, ಒಂದೊಂದೇ ಮಾತು ಕೂಡಿಸಿಕೊಂಡು. "ಅವೂ ಆಯುಧನೇ ಅಲ್ವಾ? ನೀನು ಹೂವು ತರಾಕೆ ಹೋದಾಗ ತೊಳೆದು, ಕುಂಕುಮ ಇಟ್ಟೆ. ನಾಳೆ ಪೂಜೆ ಆಗೋತನಕ ಎತ್ತಂಗಿಲ್ಲ. ಹಬ್ಬದ ದಿನ ಚೀಲ ಖಾಲಿ ಇರಬಾರ್ದು ಅಂತ ಶೇಂಗಾ ತುಂಬಿದೆ."

ದೇವರ ಮನೆಯಲ್ಲಿ ಕೈ ಮುಗಿಯುವಾಗ ಗೋವರ್ಧನ ಕಣ್ಣು ಬಿಟ್ಟಿದ್ದರೆ ಕುಡುಗೋಲು, ಕುರ್ಪಿಗಳ ಪಕ್ಕದಲ್ಲೇ ಎಲ್ಲ ಕಾಣುತ್ತಿತ್ತು. ಆಗ ಅವನ ಗಮನವೆಲ್ಲ ಹೋಳಿಗೆಯ ವಾಸನೆಯ ಮೇಲಿತ್ತು.

ದಡದ ಮೇಲಿನ ಹೊಲ ದೊಡ್ಡೀರಪ್ಪನದು. ಗೋವರ್ಧನ ಓಡಿ ಹೋಗಿ ಸಂಗತಿ ಹೇಳಿದ. ದೊಡ್ಡೀರಪ್ಪನ ಟ್ರ್ಯಾಕ್ಟರ್ ಬಾಳೆಕಂದು ಕಟ್ಟಿಸಿಕೊಂಡು ನಿಂತಿತ್ತು. ಪೂಜೆ ಆದ ಗಾಡಿಯನ್ನು ಅವತ್ತು ಕದಲಿಸುವವರಲ್ಲ. ಆದರೂ ಮುದುಕ ಚಕ್ರದ ಕೆಳಗಿನ ನಿಂಬೆಹಣ್ಣು ತೆಗೆದು ಜೇಬಿಗೆ ಹಾಕಿಕೊಂಡು ಸೀಟು ಹತ್ತಿದ.

"ಚಿನ್ನಕ್ಕನಿಗಿಂತ ಹೆಚ್ಚೇನಲೇ ಇದು? ಆದ್ರೆ ಗಟ್ಟಿ ಹಗ್ಗನೂ ಪೂಜೆಗೆ ಇಟ್ಟೀನಿ. ಮನ್ಯಾಗೆ ಬೀಗ, ಎಲ್ಲಾ ಗುಡಿಗೆ ಹೋಗ್ಯಾರೆ. ಹೊರಗಿರೋದು ಹಳೇ ಸರಪಳಿ ಒಂದೇ."

ಕೆಲಸಕ್ಕೆ ಬಾರದ್ದೆಂದು ಪೂಜೆಗೂ ಇಡದೆ ಬಿಟ್ಟಿದ್ದ ಸರಪಳಿ ಅದು. ಮೈತುಂಬ ತುಕ್ಕು. ಜೀಪಿನ ಮುಂದಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಟ್ರ್ಯಾಕ್ಟರಿಗೆ ಬಿಗಿದರು. ಗೋವರ್ಧನ ಸ್ಟೇರಿಂಗ್ ಹಿಡಿಯಲು ಕೂತ.

"ಮಗಾ," ಎಂದಳು ಹಿಂದಿನಿಂದ ಚಿನ್ನಕ್ಕ. "ಮ್ಯಾಲೆ ಬಟ್ಟೆ ಹಾಕ್ದ್ಯಾ?"

"ಬಟ್ಟೆ ಎಲ್ಲಿ ತರ್ಲಿ ಅವ್ವ. ಹೊತ್ತಾಗ್ತೈತೆ."

ಅವಳು ಮೈಮೇಲಿನ ಕಂಬಳಿಯನ್ನು ಸರಿಸಿ ಸೊಸೆಯ ಕೈಗೆ ಕೊಟ್ಟಳು. ನಡುಗುತ್ತಿದ್ದಳು.

"ಬ್ಯಾಡ, ನಿಂಗೆ ಚಳಿ ಐತೆ."

"ನೀನೇ ಹೇಳಿದ್ದು ಅಲ್ವಾ. ಹಾಕು ಅಂದ್ರೆ ಹಾಕು."

ವಾದಕ್ಕೆ ಹೊತ್ತಿರಲಿಲ್ಲ. ಅವಳ ಸಮಾಧಾನಕ್ಕೆಂದು ಇಳಿದು ಕಂಬಳಿಯನ್ನು ಮಡಿಸಿ ಸರಪಳಿಯ ನಡುವಿಗೆ ಹೊದಿಸಿ, ಜಾರದಂತೆ ಅದಕ್ಕೇ ಸುತ್ತಿ, ಬಂದು ಕೂತ.

ಟ್ರ್ಯಾಕ್ಟರ್ ಹೊಗೆ ಉಗುಳಿ ಮುಂದಕ್ಕೆ ಜಗ್ಗಿತು. ಜೀಪು ಒಂದು ಗೇಣು ಕದಲಿತು. ಢಣ್ ಎಂದು ಸದ್ದಾಯಿತು. ಸರಪಳಿ ಟ್ರ್ಯಾಕ್ಟರಿನ ಬುಡದಲ್ಲಿ ತುಂಡಾಗಿ ಎದ್ದು ಬಂದದ್ದನ್ನು ಗೋವರ್ಧನ ನೋಡಿದ. ನೋಡಿದ ಅಷ್ಟೆ, ಕಣ್ಣು ಮುಚ್ಚಲೂ ಆಗಲಿಲ್ಲ. ಕಂಬಳಿ ಸುತ್ತಿಕೊಂಡ ಸರಪಳಿ ಅವನ ಎದುರಿಗೆ ಬಾನೆಟ್ಟಿನ ಮೇಲೆ ಧೊಪ್ಪೆಂದು ಬಿತ್ತು. ಅದರ ತುದಿ ಮಾತ್ರ ತಾಗಿ, ಮುಂದಿನ ಗಾಜು ಅವನ ಮುಖದ ನೇರಕ್ಕೆ ಸರಿಯಾಗಿ ಬಿರುಕು ಬಿಟ್ಟಿತು.

ದೊಡ್ಡೀರಪ್ಪ ಓಡಿ ಬಂದು ಬಾನೆಟ್ಟಿನ ತಗ್ಗನ್ನು ಮುಟ್ಟಿ, ಗೋವರ್ಧನನ ಕೆನ್ನೆಯನ್ನು ಮುಟ್ಟಿದ. ಗೋವರ್ಧನನ ಕೈಗಳು ಸ್ಟೇರಿಂಗ್ ಬಿಡಲೊಲ್ಲವು. ಸಾಯುವವಳನ್ನು ಉಳಿಸಲು ಹೊರಟಿದ್ದೇನೆ ಎಂದುಕೊಂಡಿದ್ದ. ಸಾಯಬೇಕಾಗಿದ್ದವನು ತಾನು ಎಂಬುದು ಅವನ ತಲೆಗೆ ಇಳಿಯಲಿಲ್ಲ.

"ಏನಾತು?" ಎಂದು ಚಿನ್ನಕ್ಕ ಕೇಳಿದಳು.

"ಏನಿಲ್ಲವ್ವ. ಸರಪಳಿ ಬಿತ್ತು," ಎಂದ.

ಕಂಬಳಿಯನ್ನು ಕೊಡವಿ ಮತ್ತೆ ಅವಳಿಗೆ ಹೊದಿಸಿದಾಗ ನಡುವೆ ಮುಷ್ಟಿ ಗಾತ್ರದ ತೂತು ಕಂಡಿತು. ಆಗ ಅವನಿಗೆ ಅಳು ಬಂತು. ಅಳುತ್ತಲೇ ಜಾಲಿ ಮುಳ್ಳು ಮುರಿದು ತಂದು, ವಾಲ್ವಿನ ಬಾಯಿಗೆ ಒತ್ತಿ, ನಾಲ್ಕೂ ಟೈರಿನ ಗಾಳಿಯನ್ನು ಅರ್ಧಕ್ಕೆ ಇಳಿಸಿದ. ಮೆತ್ತಗಾದ ಟೈರು ಮರಳಲ್ಲಿ ಹೂಳುವುದಿಲ್ಲ ಎಂದು ಚೀಲ ತರುವ ಮೊದಲೇ ಹುಸೇನ್ ಹೇಳಿಕೊಟ್ಟಿದ್ದ ಪಾಠ ಅದು, ಅದಕ್ಕೆ ಯಾವ ಸಾಮಾನೂ ಬೇಕಿರಲಿಲ್ಲ. ಚಕ್ರದ ಮುಂದಿನ ಮರಳನ್ನು ಮೂವರೂ ಬರಿಗೈಯಲ್ಲಿ ತೋಡಿದರು. ಪ್ರೇಮಲತಾ, ದೊಡ್ಡೀರಪ್ಪ ಹಿಂದಿನಿಂದ ನೂಕಿದರು. ಜೀಪು ಮೆಲ್ಲಗೆ ತೆವಳಿ ದಡ ಹತ್ತಿತು.

ಚಳ್ಳಕೆರೆಯಲ್ಲಿ ಇಂಜೆಕ್ಷನ್ ಕೊಟ್ಟು, ಅಲ್ಲಿಂದ ದೊಡ್ಡಾಸ್ಪತ್ರೆಗೆ ಕಳಿಸಿದರು. ಚಿನ್ನಕ್ಕ ಬದುಕಿದಳು. ವಿಜಯದಶಮಿ ಆಸ್ಪತ್ರೆಯ ಜಗಲಿಯಲ್ಲೇ ಕಳೆಯಿತು. ಬಟ್ಟೆ ತರಲು ಮನೆಗೆ ಬಂದ ಗೋವರ್ಧನ ದೇವರ ಮನೆಯ ಬಾಗಿಲಲ್ಲಿ ನಿಂತ. ಬೆಲ್ಟು, ಕೊಂಡಿ, ಸಲಿಕೆ, ಪಂಪು, ಎಲ್ಲದರ ಮೇಲೂ ಕುಂಕುಮ. ಎತ್ತಿಕೊಳ್ಳಲು ಬಗ್ಗಿದವನು, ಇಟ್ಟವಳೇ ಎತ್ತಲಿ ಎಂದು ಹಾಗೇ ಬಿಟ್ಟು ಸೇತುವೆಯ ಸುತ್ತು ದಾರಿಯಲ್ಲಿ ಹೋದ.

ಒಂಬತ್ತನೆಯ ದಿನ ಚಿನ್ನಕ್ಕ ಮನೆಗೆ ಬಂದಳು. ಬಾಡಿದ ಹೂವು ತೆಗೆದು ಒಂದೊಂದೇ ಸಾಮಾನನ್ನು ಚೀಲಕ್ಕೆ ತುಂಬಿಸಿದಳು. ಗಾಜಿನ ಬಿರುಕಿನ ಕತೆಯನ್ನು ಅಷ್ಟರಲ್ಲಿ ಸೊಸೆ ಹೇಳಿಬಿಟ್ಟಿದ್ದಳು. ತೂತು ಬಿದ್ದ ಕಂಬಳಿಯನ್ನು ಮಡಿಸಿ ಎಲ್ಲದರ ಮೇಲಿಟ್ಟು ಜಿಪ್ಪು ಎಳೆದಳು.

"ನಿಂಗೆ ಹೊದಿಯಾಕೆ ಬ್ಯಾಡ್ವಾ?" ಎಂದ ಗೋವರ್ಧನ.

"ಇದು ಗಾಡಿಯಾಗೇ ಇರ್ಲಿ," ಎಂದಳು. "ಬರೋ ವರ್ಷ ಚೀಲ ಇಳಿಸಂಗಿಲ್ಲ. ನಾನೇ ಗಾಡಿ ಹತ್ರ ಬಂದು ಕುಂಕುಮ ಇಡ್ತೀನಿ."

ಅವನು ಹೂಂ ಎಂದ. ಅವಳು ಒಳಗೆ ಹೋಗುವವರೆಗೆ ಕಾದು, ಚೀಲದ ಜಿಪ್ಪು ಬಿಚ್ಚಿ ತಳದವರೆಗೂ ಕೈ ಹಾಕಿ ನೋಡಿದ.