ಬಾಕಿ ಇನ್ನೂರ ಎಪ್ಪತ್ತೊಂದು ಕಂತು

ಅಚ್ಚಿನ ತಪ್ಪು ಎಂದೇ ಅವಳು ಮೊದಲು ಅಂದುಕೊಂಡಳು.

ಗಂಡನ ತೆರಿಗೆ ಕಾಗದಗಳಿಗೆ ಬೇಕಾದ ಬಡ್ಡಿ ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ಬ್ಯಾಂಕಿನಿಂದ ತರುವುದು ಅವಳ ಪಾಲಿನ ಕೆಲಸ. ಈ ಸಲ ಕೊಟ್ಟ ಹಾಳೆ ಹೊಸ ನಮೂನೆಯದಾಗಿತ್ತು. ಕೆಳಗಿನ ಮೂಲೆಯಲ್ಲಿ ಹಿಂದೆಂದೂ ಇಲ್ಲದ ಒಂದು ಸಾಲು: ಉಳಿದ ಕಂತುಗಳು, 271. ಮನೆಗೆಂದು ಸಾಲ ತೆಗೆದದ್ದು ಇನ್ನೂರ ನಲವತ್ತು ಕಂತಿಗೆ. ಕಟ್ಟಿದ್ದು ಐವತ್ತು. ಉಳಿಯಬೇಕಾದದ್ದು ನೂರ ತೊಂಬತ್ತು. ಇದಕ್ಕೆ ಕ್ಯಾಲ್ಕುಲೇಟರ್ ಬೇಕಾಗಿರಲಿಲ್ಲ.

ಹದಿನೆಂಟು ವರ್ಷದಿಂದ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದವಳು ಅವಳು. ತಪ್ಪು ಅಂಕಿ ಕಂಡರೆ ಉಪಕರಣದ ಮೇಲೆ ರೇಗುವುದಿಲ್ಲ, ಸಂಬಂಧಪಟ್ಟವರಿಗೆ ತೋರಿಸುತ್ತಾಳೆ. ಹಾಗೆಯೇ ಸಾಲದ ಕೌಂಟರಿಗೆ ಹಿಂತಿರುಗಿ, ಅಂಕಿಯ ಕೆಳಗೆ ಬೆರಳಿಟ್ಟು, "ಇಲ್ಲೊಂದು ತಪ್ಪಾಗಿದೆ, ಸರಿ ಮಾಡಿಕೊಡಿ" ಎಂದಳು.

ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ ಗುಮಾಸ್ತ ಹಾಳೆಯನ್ನು ನೋಡಿದ, ಪರದೆಯನ್ನು ನೋಡಿದ.

"ಸರಿಯಾಗೇ ಇದೆ ಮೇಡಂ. ಬಡ್ಡಿ ದರ ಆರು ಸಲ ಏರಿದೆಯಲ್ಲ."

"ಏರಿದ್ದು ಗೊತ್ತು, ಪೇಪರಲ್ಲಿ ಓದಿದೀನಿ. ಆದ್ರೆ ನಮ್ಮ ಕಂತು ಏರಿಲ್ವಲ್ಲ? ಅದೇ ಹದಿನೈದೂವರೆ ಸಾವಿರ ತಾನೆ ಹೋಗ್ತಿರೋದು?"

"ಕಂತು ಏರಿಲ್ಲ. ಅದಕ್ಕೇ ಅವಧಿ ಏರಿದೆ."

ಒಂದು ಬಸ್ಸು ಹೋಯಿತು, ಇನ್ನೊಂದು ಬರುತ್ತದೆ ಎನ್ನುವಷ್ಟು ಸಲೀಸಾಗಿ ಹೇಳಿದ.

"ಅಲ್ಲ, ನಾಲ್ಕು ವರ್ಷ ಒಂದು ದಿನ ತಪ್ಪದೆ ಕಟ್ಟಿದ್ದಕ್ಕೆ ಸಾಲ ಮೊದಲಿಗಿಂತ ಉದ್ದ ಆಗಿದ್ಯಾ?"

"ಅಸಲು ಕಮ್ಮಿ ಆಗಿದೆಯಲ್ಲ ಮೇಡಂ. ಇಪ್ಪತ್ತು ಲಕ್ಷ ಇದ್ದದ್ದು ಹದಿನೇಳು ಲಕ್ಷದ ತೊಂಬತ್ತು ಸಾವಿರಕ್ಕೆ ಬಂದಿದೆ. ಈಗ ನೀವು ಕಟ್ಟೋ ಹದಿನೈದೂವರೇಲಿ ಹದಿಮೂರೂವರೆ ಬಡ್ಡಿಗೆ ಹೋಗುತ್ತೆ, ಉಳಿದದ್ದು ಅಸಲಿಗೆ."

ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಗಿತ್ತು ಐವತ್ತು ತಿಂಗಳ ದುಡಿಮೆ. ಆದರೆ ಅವಳ ತಲೆಯಲ್ಲಿ ಆಗ ಓಡುತ್ತಿದ್ದದ್ದು ದುಡ್ಡಿನ ಲೆಕ್ಕವಲ್ಲ, ಗಂಡನ ವಯಸ್ಸಿನ ಲೆಕ್ಕ. ಅವನು ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಲ್ಲುವವನು. ಇಪ್ಪತ್ತೆರಡು ವರ್ಷ ನಿಂತು ನಿಂತು ಕಾಲಿನ ನರಗಳು ಹಗ್ಗದಂತೆ ಉಬ್ಬಿದ್ದವು. ಅರವತ್ತು ತುಂಬಿದ ಮೇಲೆ ಒಂದು ದಿನವೂ ನಿಲ್ಲಕೂಡದು ಎಂದು ಡಾಕ್ಟರೂ ಹೇಳಿದ್ದರು, ಅವನೂ ಹೇಳುತ್ತಿದ್ದ. ಅವನ ನಿವೃತ್ತಿಗೆ ಎರಡು ತಿಂಗಳ ಮೊದಲು ಮುಗಿಯುವಂತೆ ಲೆಕ್ಕ ಹಾಕಿಯೇ ಅವಳು ಇನ್ನೂರ ನಲವತ್ತು ಕಂತನ್ನು ಆರಿಸಿದ್ದಳು. ಈಗಿನ ಲೆಕ್ಕದಲ್ಲಿ ಸಾಲ ಮುಗಿಯುವಾಗ ಅವನಿಗೆ ಅರವತ್ತಾರೂವರೆ.

"ಹಿಂದಿನ ಅವಧಿಗೇ ವಾಪಸ್ ತರಬೇಕು ಅಂದ್ರೆ?"

ಗುಮಾಸ್ತ ಕೀಲಿಮಣೆ ಒತ್ತಿದ. "ತಿಂಗಳಿಗೆ ಎರಡು ಸಾವಿರದ ಇನ್ನೂರ ಅರವತ್ತು ಜಾಸ್ತಿ ಕಟ್ಟಬೇಕಾಗುತ್ತೆ. ಅರ್ಜಿ ಇದೆ. ಇಬ್ಬರ ಸಹಿನೂ ಬೇಕು. ನಾಳೆ ಕೊನೇ ದಿನ, ತಪ್ಪಿದ್ರೆ ಇನ್ನು ಮೂರು ತಿಂಗಳು ಬಿಟ್ಟು."

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ ನೀವು?"

"ಪ್ರತಿ ಸಲ ಪತ್ರ ಕಳಿಸಿದೀವಲ್ಲ ಮೇಡಂ" ಎಂದ ಅವನು, ಮತ್ತು ಅವಳ ಹಿಂದೆ ನಿಂತವರ ಕಡೆ ಕತ್ತು ಚಾಚಿದ.

ಮಧ್ಯಾಹ್ನ ಪ್ರಯೋಗಾಲಯದಲ್ಲಿ ಎರಡನೇ ವರ್ಷದವರ ತರಗತಿ. ಮುಚ್ಚಿದ ಗಾಜಿನ ಬುರುಡೆಯಲ್ಲಿ ಗಾಳಿಯನ್ನು ಕಾಯಿಸಿ, ಗಾತ್ರ ಬದಲಾಗದಂತೆ ಹಿಡಿದು, ಒತ್ತಡವನ್ನು ಅಳೆಯುವ ಪ್ರಯೋಗ. ಒಬ್ಬ ವಿದ್ಯಾರ್ಥಿನಿ ತನ್ನ ಪುಸ್ತಕದಲ್ಲಿ 'ಬದಲಾವಣೆ ಇಲ್ಲ' ಎಂದು ಬರೆದು ಸಹಿಗೆ ತಂದಳು.

"ಗಾತ್ರ ಬದಲಾಗ್ಲಿಲ್ಲ ಅಂದ್ರೆ ಏನೂ ಬದಲಾಗ್ಲಿಲ್ಲ ಅಂತ ಬರೆದುಬಿಡೋದಾ? ಒಂದನ್ನ ಅಲುಗಾಡದ ಹಾಗೆ ಹಿಡಿದುಕೊಂಡ್ರೆ ಇನ್ನೊಂದು ಏರಲೇಬೇಕು ತಾನೆ? ಪಕ್ಕದ ಮಾಪಕ ನೋಡಿದ್ಯಾ ನೀನು?" ಎಂದು ಅವಳು ಗದರಿದಳು. ಹುಡುಗಿ ಮುಖ ಚಿಕ್ಕದು ಮಾಡಿಕೊಂಡು ಹೋದ ಮೇಲೆ ತಾನು ಆಡಿದ್ದು ತನ್ನ ಕಿವಿಗೇ ಬಿತ್ತು. ಗ್ಯಾಸಿನ ಒಲೆ ಆರಿಸಿ, ಸ್ಟೂಲಿನ ಮೇಲೆ ಕುಳಿತುಬಿಟ್ಟಳು.

ಪತ್ರಗಳು ಬಂದದ್ದು ನಿಜ. ಆರೂ ಬಂದಿದ್ದವು. ಆರೂ ಮನೆಯ ಕಪಾಟಿನಲ್ಲಿ ನೀಲಿ ಫೈಲಿನಲ್ಲಿದ್ದವು. ಸಂಜೆ ಆ ಫೈಲನ್ನು ಊಟದ ಮೇಜಿನ ಮೇಲೆ ಬಿಚ್ಚಿ, ಪತ್ರಗಳನ್ನು ಸಾಲಾಗಿ ಹರಡಿದಳು. ಪ್ರತಿ ಪತ್ರದ ಮೊದಲ ವಾಕ್ಯ: 'ತಮ್ಮ ಮಾಸಿಕ ಕಂತಿನಲ್ಲಿ ಯಾವುದೇ ಬದಲಾವಣೆ ಇರುವುದಿಲ್ಲ.' ಅದರ ಕೆಳಗೆ ಅವಳೇ ಎಳೆದ ಪೆನ್ಸಿಲ್ ಗೆರೆ. ಮೇಲ್ಗಡೆ ಅವಳದೇ ಕೈಬರಹದಲ್ಲಿ 'ಪರಿಶೀಲಿಸಿದೆ', ತಾರೀಖು, ಸಹಿ. ತೂಕದ ಯಂತ್ರ ದುರಸ್ತಿಯವರು 'ತಿದ್ದುಪಡಿ ಬೇಕಿಲ್ಲ' ಎಂದು ಕಳಿಸುವ ಪತ್ರಗಳನ್ನು ಕಾಲೇಜಿನಲ್ಲಿ ಫೈಲು ಮಾಡುವ ಅದೇ ಕ್ರಮ. ಅವಧಿಯ ಮಾತು ಎರಡನೇ ಪುಟದಲ್ಲಿ, ಸಣ್ಣಕ್ಷರದಲ್ಲಿ ಇತ್ತು. ಮೊದಲ ಪತ್ರದಲ್ಲಿಯೇ ಇತ್ತು.

ಗಂಡ ಬಂದವನೇ ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಕುಳಿತು, ಕಾಲೆರಡನ್ನೂ ಎದುರಿನ ಸ್ಟೂಲಿನ ಮೇಲಿಟ್ಟು, ನರಗಳನ್ನು ಬಿಗಿಹಿಡಿಯುವ ದಪ್ಪ ಕಾಲುಚೀಲವನ್ನು ನಿಧಾನ ಸುತ್ತಿ ಇಳಿಸತೊಡಗಿದ.

"ಏನು ಮೈಕ್ರೋಮೀಟರ್, ಫೈಲು ಬಿಚ್ಚಿಕೊಂಡು ಕೂತಿದೀಯ? ಯಾರದ್ದು ಎಷ್ಟು ತಪ್ಪು ಸಿಕ್ತು?"

ಕೂದಲೆಳೆಯ ದಪ್ಪ ಅಳೆಯುವ ಆ ಉಪಕರಣದ ಹೆಸರನ್ನು ಅವನು ಮದುವೆಯಾದ ವರ್ಷವೇ ಅವಳಿಗಿಟ್ಟಿದ್ದ.

"ನನ್ನದು" ಎಂದಳು. ಎಲ್ಲವನ್ನೂ ಹೇಳಿದಳು. ಬೈಯಲಿ ಎಂದು ಕಾದಳು. ಅವನು ಕಾಲುಚೀಲ ಇಳಿಸುವುದನ್ನು ಅರ್ಧಕ್ಕೆ ನಿಲ್ಲಿಸಿ, ಪತ್ರಗಳನ್ನು ಒಂದೊಂದಾಗಿ ತಿರುವಿ, ಆರು ಸಹಿಗಳನ್ನೂ ನೋಡಿದ.

"ಹಾಳಾಗಿ ಹೋಗ್ಲಿ" ಎಂದ ಕೊನೆಗೆ. "ಕಾರ್ಖಾನೇಲಿ ಎಲ್ಲರ ಮುಂದೆ ಜಂಬ ಕೊಚ್ಚಿಕೊಂಡಿದೀನಿ ಕಣೇ. ನಿಮ್ಮ ಬ್ಯಾಂಕೆಲ್ಲ ಕಂತು ಏರಿಸ್ತು, ನಮ್ಮದು ಚಿನ್ನದಂಥ ಬ್ಯಾಂಕು ಅಂತ. ನನ್ನ ಮಾತು ಕೇಳಿ ಇಬ್ಬರು ಸಾಲಾನ ಈ ಬ್ಯಾಂಕಿಗೇ ಬದಲಾಯಿಸಿಕೊಂಡಿದಾರೆ!"

ಒಳಗಿನಿಂದ ಅತ್ತೆ ಬಂದರು, ಹಿಂದೆಯೇ ಹದಿನಾಲ್ಕರ ಮಗಳು. ಮನೆಯಲ್ಲಿ ಸಾಲದ ಮಾತೆಂದರೆ ಯಾರಿಗೂ ಕರೆಯೋಲೆ ಬೇಕಾಗಿರಲಿಲ್ಲ.

"ಎರಡು ಸಾವಿರದ ಇನ್ನೂರ ಅರವತ್ತು ತಾನೆ, ಹೇಗಾದ್ರೂ ಹೊಂದಿಸೋಣ" ಎಂದರು ಅತ್ತೆ.

"ಎಲ್ಲಿಂದ ಅತ್ತೆ? ಎಣ್ಣೆ ಏರಿದೆ, ಗ್ಯಾಸು ಏರಿದೆ. ಸೋಪು ಏರಿಲ್ಲ ಅಂತ ಖುಷಿಪಟ್ಟರೆ ಸೋಪೇ ಸಣ್ಣ ಆಗಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತೀರಿ, ಹಾಸಿಗೇನೇ ವರ್ಷವರ್ಷ ಮಡಚಿಕೊಳ್ತಾ ಹೋದ್ರೆ?"

"ಹಾಗಾದ್ರೆ ನನ್ನ ಗಣಿತದ ಟ್ಯೂಷನ್ ಬಿಡಿಸಿ" ಎಂದಳು ಮಗಳು ದೊಡ್ಡ ತ್ಯಾಗಿಯಂತೆ.

"ಅಬ್ಬಾ, ಎಷ್ಟು ದುಃಖದಿಂದ ಹೇಳ್ತಿದೆ ನೋಡು!" ಎಂದ ಅಪ್ಪ. "ಬ್ಯಾಡ್ಮಿಂಟನ್ ಬಿಡ್ತೀಯಾ?"

"ಅದು ಆರೋಗ್ಯಕ್ಕೆ."

"ಮಗು ಮೇಲೆ ಯಾಕೆ ಬೀಳ್ತೀಯ? ನಿನ್ನ ಕ್ಯಾಂಟೀನು ನೋಡಿಕೋ ಮೊದಲು" ಎಂದರು ಅತ್ತೆ.

"ಹೇಳಬೇಕಾ! ಮಗ ಅಸಲು, ಮೊಮ್ಮಗಳು ಬಡ್ಡಿ; ಅಸಲಿಗಿಂತ ಬಡ್ಡಿ ಮೇಲೇ ಪ್ರೀತಿ ಜಾಸ್ತಿ. ನಿನಗೂ ಆ ಬ್ಯಾಂಕಿನವರಿಗೂ ವ್ಯತ್ಯಾಸ ಏನಮ್ಮಾ?"

ಅತ್ತೆಗೆ ನಗು ಬಂತು, ಮಗಳಿಗೂ. ಅವಳಿಗೆ ಬರಲಿಲ್ಲ. ಹಾಳೆ ತೆಗೆದುಕೊಂಡು ಬರೆಯತೊಡಗಿದಳು. ದಿನಪತ್ರಿಕೆ, ಇನ್ನೂರ ಹತ್ತು. ಟಿವಿಯ ಹೆಚ್ಚಿನ ಚಾನಲ್ಲುಗಳು, ನೂರೈವತ್ತು; ಅತ್ತೆಯ ಎಂಟು ಗಂಟೆಯ ಧಾರಾವಾಹಿ ಉಚಿತ ಚಾನಲ್ಲಿನಲ್ಲೇ ಬರುತ್ತದೆಂದು ಮಗಳು ಮೊಬೈಲಿನಲ್ಲಿ ಹುಡುಕಿ ತೋರಿಸುವ ತನಕ ಅದು ಪಟ್ಟಿ ಸೇರಲಿಲ್ಲ. ಕ್ಯಾಂಟೀನು, ನಾನೂರು. ತಾನು ಸ್ಕೂಟರ್ ಬಿಟ್ಟು ಬಸ್ಸಿನಲ್ಲಿ ಹೋದರೆ ಐನೂರು. ಹಾಲು ಅರ್ಧ ಲೀಟರ್ ಕಡಿಮೆ ಎಂದಾಗ ಅತ್ತೆ ಪೆನ್ನಿಗೇ ಕೈ ಹಾಕಿದರು; ಹಾಲು ಉಳಿಯಿತು.

ಒಟ್ಟು ಸಾವಿರದ ಇನ್ನೂರ ಅರವತ್ತು. ಇನ್ನೂ ಸರಿಯಾಗಿ ಒಂದು ಸಾವಿರ ಕೊರತೆ.

ಎಲ್ಲರೂ ಹಾಳೆಯನ್ನೇ ನೋಡುತ್ತಿದ್ದರು. ಆಗ ಗಂಡ ಅರ್ಧ ಇಳಿಸಿದ್ದ ಕಾಲುಚೀಲವನ್ನು ಪೂರ್ತಿ ಕಳಚಿ ಮೇಜಿನ ಮೇಲಿಟ್ಟ. "ಇದನ್ನೂ ಬರಿ. ಆರು ತಿಂಗಳಿಗೊಂದು ಜೊತೆ ಅಂತ ಡಾಕ್ಟರು ಹೇಳ್ತಾರೆ, ವರ್ಷಕ್ಕೊಂದು ಸಾಕು. ಇನ್ನೂ ಗಟ್ಟಿ ಇದೆ."

"ಅದಕ್ಕೆ ಕೈ ಹಾಕಿದ್ರೆ ನೋಡಿ!" ಎಂದು ಅವಳು ಎಷ್ಟು ಜೋರಾಗಿ ಅಂದಳೆಂದರೆ ಮಗಳು ಬೆಚ್ಚಿದಳು. "ಯಾರ ಕಾಲಿಗೋಸ್ಕರ ಇಷ್ಟೆಲ್ಲ ಮಾಡ್ತಿರೋದು ರೀ? ಕಾಲು ಉಳಿಸೋ ದುಡ್ಡನ್ನ ಕಾಲಿಂದಲೇ ಕಿತ್ತು ಕಟ್ಟೋದಾ?"

"ಕಿರುಚಬೇಡ್ವೇ. ನಾನು ಹೇಳಿದ್ದು ಲೆಕ್ಕಕ್ಕೆ."

"ಲೆಕ್ಕಕ್ಕೇ ಬೇಡ ಅದು."

"ಹಾಗಾದ್ರೆ ಬಿಟ್ಟುಬಿಡು. ಅರವತ್ತಾರಕ್ಕೇ ಮುಗೀಲಿ. ಇಪ್ಪತ್ತೆರಡು ವರ್ಷ ನಿಂತವನಿಗೆ ಇನ್ನಾರು ವರ್ಷ ದೊಡ್ಡದಾ?" ಅವನು ತಮಾಷೆಯಾಗಿ ಹೇಳಲು ನೋಡಿದ, ಆದರೆ ದನಿ ಒಪ್ಪಲಿಲ್ಲ. "ನಿವೃತ್ತಿ ಆದ ಮೇಲೆ ಯಾವುದಾದ್ರೂ ಸಣ್ಣ ವರ್ಕ್‌ಶಾಪಲ್ಲಿ ಅರ್ಧ ದಿನ ನಿಂತರೆ ಆಯ್ತು."

ಅವನು ಬೈದಿದ್ದರೆ ತಾಳಿಕೊಳ್ಳಬಹುದಿತ್ತು. ಈ ಉದಾರತನ ಅವಳನ್ನು ಇರಿಯಿತು. ಯಾರ ಮೇಲೆ ಸಿಟ್ಟು ಮಾಡಬೇಕೆಂದೇ ತಿಳಿಯದ ಸಿಟ್ಟು: ದರ ಏರಿಸಿದವರು ಕಣ್ಣಿಗೆ ಬೀಳುವವರಲ್ಲ, ಪತ್ರ ಬರೆದವರು ಸುಳ್ಳು ಬರೆದಿರಲಿಲ್ಲ, ಓದಿದವಳು ಓದಿಲ್ಲವೆನ್ನುವ ಹಾಗೂ ಇರಲಿಲ್ಲ. ಅವಳು ಎದ್ದು, ಮೊಬೈಲು ತೆಗೆದುಕೊಂಡು, ಹಿತ್ತಿಲ ಬಾಗಿಲ ಬಳಿ ನಿಂತು ಒಬ್ಬರಿಗೆ ಫೋನು ಮಾಡಿದಳು. ಕಾಲೇಜಿನ ಹಿಂದಿನ ರಸ್ತೆಯಲ್ಲಿ ಖಾಸಗಿ ಪಾಠಶಾಲೆ ನಡೆಸುವವರು ಶನಿವಾರಗಳಂದು ಪ್ರಯೋಗಗಳನ್ನು ಹೊಂದಿಸಿಕೊಡಿ ಎಂದು ಎರಡು ಸಲ ಕೇಳಿದ್ದರು. ವಾರಕ್ಕೆ ತನ್ನದೆಂದು ಇರುವುದು ಅದೊಂದೇ ದಿನ ಎಂದು ಅವಳು ಎರಡು ಸಲವೂ ಒಲ್ಲೆ ಎಂದಿದ್ದಳು.

ಮರಳಿ ಬಂದು ಹಾಳೆಯಲ್ಲಿ ಬರೆದಳು: ಶನಿವಾರ, ಒಂದು ಸಾವಿರ.

"ಒಂದೂವರೆ ಕೊಡ್ತೀವಿ ಅಂದಿದ್ರಲ್ಲ?" ಎಂದ ಗಂಡ.

"ಹೋದ ವರ್ಷ ಅಂದಿದ್ರು. ಈಗ ಅವರಿಗೂ ಖರ್ಚು ಜಾಸ್ತಿ ಆಗಿದೆಯಂತೆ."

ಅತ್ತೆ, "ಶನಿವಾರದ ಅಡುಗೆ ನನ್ನದು ಬಿಡಮ್ಮಾ" ಎಂದು ಒಳಗೆ ಹೋದರು.

ಮರುದಿನ ಬ್ಯಾಂಕಿನ ಬಾಗಿಲು ತೆರೆಯುವ ಮೊದಲೇ ಇಬ್ಬರೂ ಮೆಟ್ಟಿಲ ಮೇಲಿದ್ದರು. ಅವನು ಕಾರ್ಖಾನೆಯಿಂದ ಒಂದು ಗಂಟೆಯ ಅನುಮತಿ ಪಡೆದು ಬಂದಿದ್ದ. ಅದಕ್ಕಿಂತ ತಡವಾದರೆ ಅರ್ಧ ದಿನದ ಸಂಬಳ ಹೋಗುತ್ತಿತ್ತು. ಗುಮಾಸ್ತ ನಾಲ್ಕು ಪುಟದ ಅರ್ಜಿ ಕೊಟ್ಟು, ಸಹಿಯ ಜಾಗಗಳಿಗೆ ಗುರುತು ಹಾಕಿ ತೋರಿಸಿದ.

"ಮತ್ತೆ ದರ ಏರಿದ್ರೆ?" ಎಂದು ಕೇಳಿದಳು.

"ಈ ಕಂತು ಹೀಗೇ ಇರುತ್ತೆ. ಅವಧಿ ಮತ್ತೆ ಏರುತ್ತೆ. ಆಗ ಮತ್ತೆ ಬಂದು ಅರ್ಜಿ ಕೊಡಿ."

"ಇಳಿದ್ರೆ?" ಎಂದ ಗಂಡ. "ಅವಧಿ ತಾನಾಗೇ ಇಳಿಯುತ್ತೆ ತಾನೆ?"

ಗುಮಾಸ್ತ ಹಣೆಯ ಮೇಲಿನ ಕನ್ನಡಕವನ್ನು ಮೊದಲ ಬಾರಿಗೆ ಕಣ್ಣಿಗೆ ಇಳಿಸಿದ. "ನಿಮ್ಮದು ಹಳೇ ಯೋಜನೆ ಸರ್. ಇಳಿದ್ರೆ ಹೊಸ ದರಕ್ಕೆ ಬದಲಾಯಿಸಿ ಅಂತ ನೀವೇ ಅರ್ಜಿ ಕೊಡಬೇಕು. ಅದಕ್ಕೊಂದು ಶುಲ್ಕ ಇರುತ್ತೆ."

"ಏರೋಕೆ ಅರ್ಜಿ ಬೇಡ, ಇಳಿಯೋಕೆ ಅರ್ಜಿ ಬೇಕಾ? ಒಳ್ಳೆ ಏಣಿ ಕಟ್ಟಿದೀರಪ್ಪಾ!"

"ನಿಯಮ ನಾನು ಮಾಡಿದ್ದಲ್ಲ ಸರ್. ನನ್ನ ಮನೆ ಸಾಲಾನೂ ಇಲ್ಲೇ ಇರೋದು" ಎಂದ ಗುಮಾಸ್ತ, ತಗ್ಗಿದ ದನಿಯಲ್ಲಿ.

ಗಂಡ ಗುರುತು ಹಾಕಿದ ಕಡೆಗಳಲ್ಲೆಲ್ಲ ಸಹಿ ಮಾಡಿ ಪೆನ್ನನ್ನು ಅವಳಿಗೆ ಕೊಟ್ಟ. ಅವಳು ಸಹಿ ಮಾಡಲಿಲ್ಲ. ಮೊದಲ ಪುಟದ ಮೊದಲ ಸಾಲಿಗೆ ಪೆನ್ನಿನ ತುದಿಯಿಟ್ಟು ಓದತೊಡಗಿದಳು. ಒಂದು ಪುಟ ಮುಗಿಯುವಷ್ಟರಲ್ಲಿ ಹಿಂದೆ ಆರು ಜನ ಸೇರಿದರು. "ಇಲ್ಲೇ ಪರೀಕ್ಷೆಗೆ ಓದ್ತಿದಾರಾ?" ಎಂದು ಯಾರೋ ಅಂದರು. ಅವಳು ತಲೆ ಎತ್ತಲಿಲ್ಲ. ಎರಡನೇ ಪುಟದ ಸಣ್ಣಕ್ಷರದ ಬಳಿ ಹಾಳೆಯನ್ನು ಕಣ್ಣಿಗೆ ಹತ್ತಿರ ತಂದಳು.

"ನೀವು ಹೊರಡಿ, ನಿಮ್ಮ ಸಹಿ ಆಯ್ತಲ್ಲ" ಎಂದಳು, ಓದುತ್ತಲೇ. "ತಡ ಆದ್ರೆ ಅರ್ಧ ದಿನದ ಸಂಬಳ ಹಿಡೀತಾರೆ."

ಅವನು ಗೋಡೆಯ ಗಡಿಯಾರ ನೋಡಿದ. ಆಮೇಲೆ ಪಕ್ಕದ ಬೆಂಚಿನ ಮೇಲೆ ಕುಳಿತು, ಪ್ಯಾಂಟಿನ ಮೇಲಿಂದಲೇ ಮೀನಖಂಡ ಒತ್ತಿಕೊಂಡ.

"ಹದಿನೈದು ವರ್ಷ ಹತ್ತು ತಿಂಗಳು ನಿಲ್ಲೋದಿದೆಯಲ್ಲ. ಹತ್ತು ನಿಮಿಷ ಕೂತಿರ್ತೀನಿ. ನೀನು ಪೂರ್ತಿ ಓದು."

ಅವಳು ಮೂರನೇ ಪುಟಕ್ಕೆ ತಿರುಗಿದಳು.